ಮೋಡ ಇಳಿದರೆ ಏನು ಉಳಿಯುತ್ತದೆ? ಬ್ರಿಟನ್ನಿನ ಮೂರು ಬೆಟ್ಟದ ನಡಿಗೆಗಳ ನಡುವೆ ಆಯ್ಕೆ

ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಇಲ್ಲವೇ ಹೊಸದಾಗಿ ಕೆಲಸಕ್ಕೆ ಸೇರಿದ ಗೆಳೆಯರು ಎರಡು ದಿನ ಬಿಡುವು ಮಾಡಿಕೊಂಡಿದ್ದಾರೆ. ಉತ್ತರ ಇಂಗ್ಲೆಂಡಿನ ಕನ್ನಡಿಗರ ಮನೆಗಳಲ್ಲಿ ಆಗ ಏಳುವ ಪ್ರಶ್ನೆ: ಯಾವ ಬೆಟ್ಟಕ್ಕೆ ಹೋಗೋಣ? ಹೆಚ್ಚಿನ ಸಲ ಗೆಲ್ಲುವುದು ಎಲ್ಲಕ್ಕಿಂತ ಎತ್ತರದ ಶಿಖರ. ಇಷ್ಟು ದೂರ ಬಂದು ಸಣ್ಣ ಗುಡ್ಡ ಹತ್ತುವುದು ಯಾಕೆ ಎಂಬ ವಾದ. ಲೀಡ್ಸ್‌ನಲ್ಲಿ ನೆಲೆಸಿದ ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ಆರಿಸುತ್ತಿದ್ದೆ. ಈಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಅರ್ಧ ದಾರಿಯಲ್ಲಿ ಮೋಡ ಇಳಿದರೆ ಈ ನಡಿಗೆಯಲ್ಲಿ ನಮ್ಮ ಪಾಲಿಗೆ ಏನು ಉಳಿಯುತ್ತದೆ?

ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ವೇಲ್ಸ್‌ನ ಅತಿ ಎತ್ತರದ ಶಿಖರ 1,085 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930. ಈ ಲೆಕ್ಕ ನೋಡಿ ಹಗುರವಾಗಿ ಹೊರಟವರು ಮೇಲೆ ಹೋಗಿ ಕಂಗಾಲಾಗುತ್ತಾರೆ. ಅಟ್ಲಾಂಟಿಕ್ ಕಡೆಯಿಂದ ಬರುವ ಗಾಳಿ ತೇವವನ್ನು ಹೊತ್ತು ತಂದು ಈ ಬೆಟ್ಟಗಳ ಮೈಮೇಲೆಯೇ ಇಳಿಸುತ್ತದೆ. ಜುಲೈ ತಿಂಗಳ ಮಧ್ಯಾಹ್ನ ಕೆಳಗಿನ ಊರಿನಲ್ಲಿ ಮಕ್ಕಳು ಐಸ್‌ಕ್ರೀಂ ತಿನ್ನುತ್ತಿದ್ದರೆ, ಮೇಲೆ ಹತ್ತು ಹೆಜ್ಜೆ ಮುಂದೆ ಇರುವವರ ಬೆನ್ನು ಕಾಣುವುದಿಲ್ಲ. ಇಲ್ಲಿ ನಡೆಯುವವರು ಇಂಥ ದಿನವನ್ನು ಅಪವಾದವೆಂದು ಎಣಿಸುವುದಿಲ್ಲ, ಲೆಕ್ಕದೊಳಗೇ ಇಟ್ಟುಕೊಂಡಿರುತ್ತಾರೆ.

ಆದ್ದರಿಂದ ಮೂರು ಬಗೆಯ ನೆಲವನ್ನು ಇಲ್ಲಿ ಎದುರುಬದುರು ಇಡುತ್ತಿದ್ದೇನೆ. ಒಂದು, ಶುದ್ಧ ಪರ್ವತ: ವೇಲ್ಸ್‌ನ ಅರ್ ವಿದ್ವಾ, ಅಂದರೆ ಇಂಗ್ಲಿಷಿನಲ್ಲಿ ಸ್ನೋಡನ್ ಎಂದು ಹೆಸರಾದದ್ದು. ಎರಡು, ಮೂರ್‌ಲ್ಯಾಂಡ್: ಡಾರ್ಬಿಶೈರ್‌ನ ಕಿಂಡರ್ ಸ್ಕೌಟ್. ಮೂರು, ಗಣಿ ಮುಚ್ಚಿಹೋದ ನೆಲ: ಯಾರ್ಕ್‌ಶೈರ್‌ನ ಗ್ರಾಸಿಂಗ್ಟನ್ ಮೂರ್. ಮೂರನ್ನೂ ಹಲವು ಸಲ ನಡೆದಿದ್ದೇನೆ. ನನ್ನ ಒಲವು ಮೂರನೆಯದರ ಕಡೆಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅರ್ ವಿದ್ವಾ: ಶಿಖರವೇ ಬೇಕು ಎನ್ನುವವರಿಗೆ

ಶಿಖರಕ್ಕೆ ಆರು ಮುಖ್ಯ ದಾರಿಗಳಿವೆ. ಲಾನ್‌ಬೆರಿಸ್‌ನಿಂದ ಹೊರಡುವುದು ಉದ್ದ, ಏರು ಕಡಿಮೆ. ಪಕ್ಕದಲ್ಲೇ 1896ರಿಂದ ಶಿಖರಕ್ಕೆ ಹತ್ತುತ್ತಿರುವ ಪುಟ್ಟ ರೈಲಿನ ಸದ್ದು. ಕ್ರಿಬ್ ಗೋಚ್ ಎಂಬ ಕತ್ತಿಯಲಗಿನಂಥ ಏಣಿನ ಹಾದಿಯನ್ನು ಬಂಡೆ ಹತ್ತಿ ಅಭ್ಯಾಸವಿಲ್ಲದವರು ಯೋಚಿಸಲೂ ಬಾರದು. ಅಲ್ಲಿ ಜನ ಬಿದ್ದು ಸತ್ತಿದ್ದಾರೆ. ನಾನು ಸೂಚಿಸುವುದು ಪೆನ್-ಅ-ಪಾಸ್‌ನಿಂದ ಹೊರಡುವ ಗಣಿಗಾರರ ದಾರಿಯನ್ನು. ಇಂಗ್ಲಿಷಿನಲ್ಲಿ ಮೈನರ್ಸ್ ಟ್ರ್ಯಾಕ್. ಹೋಗಿ ಬರಲು ಸುಮಾರು 13 ಕಿಲೋಮೀಟರ್, ಆರು ಗಂಟೆ.

ಈ ದಾರಿಯ ಗುಣ ಅದರ ಮೊದಲ ಭಾಗದಲ್ಲಿದೆ. ತಾಮ್ರದ ಅದಿರನ್ನು ಗಾಡಿಗಳಲ್ಲಿ ಇಳಿಸಲು ಮಾಡಿದ ರಸ್ತೆಯಾದ್ದರಿಂದ ಅಗಲ, ಏರು ಮೃದು. ಹೊರಡುವ ಜಾಗವೇ 359 ಮೀಟರ್ ಎತ್ತರದಲ್ಲಿದೆ. ಲಡೌ ಎಂಬ ದೊಡ್ಡ ಸರೋವರವನ್ನು 1853ರಲ್ಲಿ ಕಟ್ಟಿದ ಕಲ್ಲಿನ ಒಡ್ಡಿನ ಮೇಲೆ ದಾಟುತ್ತೀರಿ. ದಡದಲ್ಲಿ ಅದಿರು ಕುಟ್ಟುತ್ತಿದ್ದ ಕಾರ್ಖಾನೆಯ ಗೋಡೆಗಳು ಚಾವಣಿಯಿಲ್ಲದೆ ನಿಂತಿವೆ. ಇನ್ನೂ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ ಗ್ಲಾಸ್ಲಿನ್ ಎಂಬ ಸರೋವರ. ನೀರಿನ ಬಣ್ಣ ಹಳೆಯ ತಾಮ್ರದ ಬಿಂದಿಗೆಗೆ ಹಿಡಿದ ಹಸಿರು ಕಿಲುಬಿನಂತೆ. ಕಾರಣವೂ ಅದೇ ಲೋಹ.

ಅಲ್ಲಿಂದ ಮುಂದೆ ಬೆಟ್ಟ ತನ್ನ ಸ್ವಭಾವ ಬದಲಾಯಿಸುತ್ತದೆ. ಉಳಿದ ಸುಮಾರು 480 ಮೀಟರ್ ಏರನ್ನು ಕಡಿದಾದ ಸಡಿಲ ಕಲ್ಲುಗಳ ಮೇಲೆ ಒಮ್ಮೆಲೇ ಹತ್ತಬೇಕು. ಇಳಿಯುವಾಗ ಮೊಣಕಾಲು ಮಾತಾಡುತ್ತದೆ. ಅದಕ್ಕೇ ಈ ದಾರಿ ಬೆರಕೆ ಗುಂಪಿಗೆ ಒಳ್ಳೆಯದು: ಹಿರಿಯರು ಸರೋವರದ ದಡದಲ್ಲಿ ಬುತ್ತಿ ಬಿಚ್ಚಿ ಕೂರಬಹುದು, ಕಾಲಿನಲ್ಲಿ ಕಸುವಿರುವವರು ಮೇಲೆ ಹೋಗಿ ಬರಬಹುದು. ಬೇರೆ ದಾರಿಗಳಲ್ಲಿ ಹೀಗೆ ಸುಖವಾಗಿ ಅರ್ಧಕ್ಕೆ ನಿಲ್ಲಲು ತಕ್ಕ ಜಾಗ ಕಡಿಮೆ.

ಮೋಡ ಇಳಿದರೆ? ಶಿಖರದಲ್ಲಿ ಏನೂ ಉಳಿಯುವುದಿಲ್ಲ. ಬೇಸಿಗೆಯ ಶನಿವಾರವಾದರೆ ಕಂಬದ ಬಳಿ ಫೋಟೋ ತೆಗೆಸಿಕೊಳ್ಳಲು ನಿಂತ ಸಾಲು, ಬಿಳಿ ಗೋಡೆ, ಚಳಿ. ಅಂಥ ದಿನ ಲಡೌ ದಡದಿಂದಲೇ ಹಿಂದಿರುಗುವುದು ಜಾಣತನ, ಮತ್ತು ಆ ದಡ ಸಾಕಷ್ಟು ಕೊಟ್ಟಿರುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮೇಲಿನ ತಿರುವುಗಳಲ್ಲಿ ಮಂಜುಗಡ್ಡೆ ಕಟ್ಟಿರಬಹುದು. ಬೂಟಿನ ಮುಳ್ಳುಪಟ್ಟಿ ಮತ್ತು ಹಿಮಗೊಡಲಿ ಬಳಸಿ ಗೊತ್ತಿಲ್ಲದವರಿಗೆ ಆ ಕಾಲದಲ್ಲಿ ಅರ್ ವಿದ್ವಾ ಬೇಡವೇ ಬೇಡ.

ತಲುಪುವ ವಿಷಯ: ಪೆನ್-ಅ-ಪಾಸ್‌ನ ಕಾರು ನಿಲ್ದಾಣ ಸಣ್ಣದು, ಜನಸಂದಣಿಯ ತಿಂಗಳುಗಳಲ್ಲಿ ಮುಂಗಡ ಕಾದಿರಿಸದೆ ಹೋಗುವಂತಿಲ್ಲ. ಬೆಟ್ಟದ ಸುತ್ತ ಓಡಾಡುವ ಶೆರ್ಪಾ ಬಸ್ಸುಗಳನ್ನು ನಂಬುವುದೇ ಲೇಸು. ಲೀಡ್ಸ್ ಅಥವಾ ಮ್ಯಾಂಚೆಸ್ಟರ್‌ನಿಂದ ಒಂದೇ ದಿನದಲ್ಲಿ ಮುಗಿಸಲು ಹೋದರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ಒಂದು ರಾತ್ರಿ ಉಳಿಯಿರಿ. ಉಳಿದರೆ ಮಾರನೆಯ ದಿನ ಲಾನ್‌ಬೆರಿಸ್ ಎದುರಿನ ಡಿನೋರ್ವಿಗ್ ಕಲ್ಲುಗಣಿಯನ್ನೂ ನೋಡಬಹುದು. 1969ರಲ್ಲಿ ಮುಚ್ಚಿದ ಈ ಗಣಿ ಇಡೀ ಬೆಟ್ಟವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದಿಟ್ಟಿದೆ. ವಾಯವ್ಯ ವೇಲ್ಸ್‌ನ ಸ್ಲೇಟ್ ಕಲ್ಲಿನ ನೆಲವನ್ನೆಲ್ಲ ಸೇರಿಸಿ ಯುನೆಸ್ಕೊ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು.

ಕಿಂಡರ್ ಸ್ಕೌಟ್: ಬಯಲಿನ ರುಚಿ ಹತ್ತಿದವರಿಗೆ

ಮೂರ್‌ಲ್ಯಾಂಡ್ ಎಂಬುದಕ್ಕೆ ನಮ್ಮಲ್ಲಿ ಸರಿಯಾದ ಪದವಿಲ್ಲ, ಏಕೆಂದರೆ ನಮ್ಮಲ್ಲಿ ಆ ನೆಲವೇ ಇಲ್ಲ. ಕುದುರೆಮುಖದ ಹುಲ್ಲುಗಾವಲನ್ನು ನೆನೆದುಕೊಳ್ಳಿ. ಅದರ ಶೋಲಾ ಕಾಡನ್ನೆಲ್ಲ ತೆಗೆದುಹಾಕಿ, ಏರಿಳಿತಗಳನ್ನು ಚಪ್ಪಟೆ ಮಾಡಿ, ಹುಲ್ಲಿನ ಜಾಗದಲ್ಲಿ ಮೊಣಕಾಲೆತ್ತರದ ಹೆದರ್ ಪೊದೆ ನೆಟ್ಟು, ಕೆಳಗೆ ಎರಡು ಮೂರು ಮೀಟರ್ ಆಳದ ಕಪ್ಪು ಜೌಗು ಮಣ್ಣು ಹಾಸಿರಿ. ಆ ಮಣ್ಣೇ ಪೀಟ್. ಸಾವಿರಾರು ವರ್ಷ ಕೊಳೆಯದೆ ಉಳಿದ ಪಾಚಿಯ ರಾಶಿ ಅದು. ಬೆರಳ ನಡುವೆ ಹಿಡಿದರೆ ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟದ ಹಾಗೆ, ಒತ್ತಿದರೆ ಡಿಕಾಕ್ಷನ್ ಬಣ್ಣದ ನೀರು.

636 ಮೀಟರ್ ಎತ್ತರದ ಕಿಂಡರ್ ಸ್ಕೌಟ್‌ಗೆ ಶಿಖರವೆಂಬ ಮೊನೆ ಇಲ್ಲ. ಮೇಲೆ ಇರುವುದು ಒಂದು ಬಯಲು. ಆದ್ದರಿಂದ ಒಳ್ಳೆಯ ನಡಿಗೆ ಎಂದರೆ ಬಯಲಿನ ಅಂಚು ಹಿಡಿದು ಸುತ್ತುವುದು. ಈಡೇಲ್ ರೈಲು ನಿಲ್ದಾಣದಲ್ಲಿ ಇಳಿದು, ಗ್ರಿಂಡ್ಸ್‌ಬ್ರೂಕ್ ತೊರೆಯ ಬಂಡೆಗಳನ್ನು ಹತ್ತಿ, ಅಂಚಿನ ದಾರಿಯಲ್ಲಿ ಪಶ್ಚಿಮಕ್ಕೆ ನಡೆದು, ಜೇಕಬ್ಸ್ ಲ್ಯಾಡರ್ ಎಂಬ ಕಲ್ಲಿನ ಮೆಟ್ಟಿಲುಗಳಲ್ಲಿ ಇಳಿದರೆ ಸುಮಾರು 14 ಕಿಲೋಮೀಟರ್, ಐದಾರು ಗಂಟೆ. ದಾರಿಯಲ್ಲಿ ಗಾಳಿ ಮಳೆ ಕೆತ್ತಿದ ಮರಳುಗಲ್ಲಿನ ಆಕಾರಗಳು ಹಿಂಡುಹಿಂಡಾಗಿ ಕೂತಿರುತ್ತವೆ. ಅವುಗಳ ನಡುವೆ ಗಾಳಿಗೆ ಮರೆಯಾಗಿ ಊಟ ಮಾಡುವುದು ಈ ನಡಿಗೆಯ ದೊಡ್ಡ ಸುಖ. ಬಯಲಿನ ಪಶ್ಚಿಮ ಅಂಚಿನಲ್ಲಿ ಕಿಂಡರ್ ಡೌನ್‌ಫಾಲ್ ಎಂಬ ಜಲಪಾತವಿದೆ. ಪಶ್ಚಿಮದ ಗಾಳಿ ಜೋರಾಗಿದ್ದಾಗ ಬೀಳುವ ನೀರು ಹಿಂದಕ್ಕೆ, ಮೇಲಕ್ಕೆ ಹಾರುತ್ತದೆ. ಅದನ್ನೂ ಸೇರಿಸಿದರೆ ನಡಿಗೆ ಸಾಕಷ್ಟು ಉದ್ದವಾಗುತ್ತದೆ.

ಈ ಬಯಲಿನ ಮೇಲೆ ನಾವು ಕಾಲಿಡಲು ಸಾಧ್ಯವಾದದ್ದು ಕೆಲವರು ಜೈಲಿಗೆ ಹೋದ ಮೇಲೆ. 1932ರ ಏಪ್ರಿಲ್ 24ರ ಭಾನುವಾರ ಮ್ಯಾಂಚೆಸ್ಟರ್ ಸೀಮೆಯ ನೂರಾರು ಯುವ ಕಾರ್ಮಿಕರು ಹೇಫೀಲ್ಡ್‌ನಿಂದ ಹೊರಟು, ಬೆನ್ನಿ ರಾಥ್‌ಮನ್ ಮುಂದಾಳತ್ವದಲ್ಲಿ ಬೇಲಿ ಮೀರಿ ಕಿಂಡರ್ ಹತ್ತಿದರು. ತಾವು ಬೇಟೆಯಾಡಲು ಬೇಕಾದ ಹಕ್ಕಿಗಳಿಗಾಗಿ ಜಮೀನುದಾರರು ಮುಚ್ಚಿಟ್ಟಿದ್ದ ನೆಲ ಅದು. ಐವರಿಗೆ ಸೆರೆಮನೆಯಾಯಿತು. 1951ರಲ್ಲಿ ಇದೇ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಇಂಥ ತೆರೆದ ನೆಲದಲ್ಲಿ ಎಲ್ಲರೂ ನಡೆಯಬಹುದೆಂಬ ಕಾನೂನು ಬರಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ವಾರಕ್ಕೆ ಆರು ದಿನ ಗಿರಣಿ, ಕಾರ್ಖಾನೆಗಳ ಹೊಗೆ ಕುಡಿದವರು ಏಳನೆಯ ದಿನ ಒಂದಿಷ್ಟು ಗಾಳಿಗಾಗಿ ಹೋರಾಡಿದ ಜಾಗ ಇದು ಎಂಬುದು ನೆನಪಿದ್ದರೆ ಹೆಜ್ಜೆಯ ತೂಕ ಬೇರೆಯಾಗುತ್ತದೆ.

ಕಿಂಡರ್ ಮೇಲೆ ಚಿಮಣಿಯಿಲ್ಲ, ಗಣಿಯಿಲ್ಲ. ಆದರೂ ಇದು ಕೈಗಾರಿಕೆ ಸುಟ್ಟ ನೆಲವೇ. ಎರಡು ಶತಮಾನ ಮ್ಯಾಂಚೆಸ್ಟರ್ ಸುತ್ತಲಿನ ಚಿಮಣಿಗಳು ಉಗುಳಿದ ಮಸಿ, ಆಮ್ಲ ಇಲ್ಲಿನ ಸ್ಫ್ಯಾಗ್ನಮ್ ಪಾಚಿಯನ್ನು ಕೊಂದವು. ಪಾಚಿಯ ಹೊದಿಕೆ ಹೋದ ಮೇಲೆ ಬತ್ತಲಾದ ಪೀಟ್ ಮಳೆಗೆ ಕೊಚ್ಚಿ ಆಳ ಕೊರಕಲುಗಳಾದವು. ಹಾಗೆ ಹೊಗೆ ಉಗುಳಿದ ಲ್ಯಾಂಕಷೈರ್ ಸೀಮೆಯ ಬಟ್ಟೆ ಗಿರಣಿಗಳಿಗೆ 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬರುವುದು ನಿಂತಾಗ, ಧಾರವಾಡ ಸೀಮೆಯ ಹತ್ತಿಯೂ ಹಡಗು ಹತ್ತಿ ಬಂದಿತ್ತು. 2003ರಿಂದ ಕೊರಕಲುಗಳಿಗೆ ಅಡ್ಡಗಟ್ಟೆ ಹಾಕಿ, ಹುಲ್ಲು ಬಿತ್ತಿ, ಪಾಚಿ ನೆಟ್ಟು ಈ ಸೀಮೆಯ ಬಯಲುಗಳನ್ನು ಬದುಕಿಸುತ್ತಿದ್ದಾರೆ. ದಾರಿ ಬಿಟ್ಟು ತುಳಿಯಬೇಡಿ ಎಂಬ ಫಲಕ ಕಂಡರೆ ದಯವಿಟ್ಟು ಪಾಲಿಸಿ.

ಮೋಡ ಇಳಿದರೆ? ಮೂರರಲ್ಲಿ ಇದೇ ಅಪಾಯದ್ದು. ಒಂದು ಅಕ್ಟೋಬರ್‌ನಲ್ಲಿ ನಾನು ಅಂಚಿನ ದಾರಿ ಬಿಟ್ಟು ಬಯಲನ್ನು ಅಡ್ಡ ದಾಟಲು ಹೋಗಿದ್ದೆ. ಮೋಡ ಬಂದಿತು. ಕೊರಕಲಿಗೆ ಇಳಿಯುವುದು, ಏರುವುದು, ಮತ್ತೊಂದಕ್ಕೆ ಇಳಿಯುವುದು; ಪ್ರತಿ ಸಲವೂ ದಿಕ್ಕು ಒಂದಿಷ್ಟು ಜಾರುತ್ತದೆ. ಒಂದು ಗಂಟೆ ನಡೆದ ಮೇಲೆ ಕಪ್ಪು ಕೆಸರಿನಲ್ಲಿ ಹೊಸ ಬೂಟಿನ ಗುರುತು ಕಂಡು ಸಂತೋಷವಾಯಿತು. ಪಕ್ಕದಲ್ಲಿ ಕಾಲಿಟ್ಟು ನೋಡಿದೆ. ನನ್ನದೇ ಬೂಟು. ಆ ದಿನ ದಿಕ್ಸೂಚಿ ಚೀಲದಲ್ಲಿತ್ತು, ಕೈಯಲ್ಲಿರಲಿಲ್ಲ. ಬಯಲಿನ ಒಳಗೆ ಹೋಗುವುದಾದರೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ 1:25,000 ನಕ್ಷೆಯ ಓದು ಬರಲೇಬೇಕು. ಬಾರದವರು ಅಂಚನ್ನು ಒಂದು ಪಕ್ಕಕ್ಕೆ ಇಟ್ಟುಕೊಂಡು ಅದನ್ನು ಎಂದೂ ಬಿಡದೆ ನಡೆಯಬೇಕು.

ಪ್ರಯಾಣದಲ್ಲಿ ಮಾತ್ರ ಕಿಂಡರ್‌ಗೆ ಎದುರಿಲ್ಲ. ಮ್ಯಾಂಚೆಸ್ಟರ್‌ನಿಂದ ಈಡೇಲ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆಯ ಆಸುಪಾಸು. ನಿಲ್ದಾಣದಿಂದಲೇ ನಡಿಗೆ ಶುರು. ಕಾರಿಲ್ಲದ ವಿದ್ಯಾರ್ಥಿಗಳಿಗೆ ಮೊದಲ ಆಯ್ಕೆ ಇದೇ. ಆಗಸ್ಟ್ ಕೊನೆಯಲ್ಲಿ ಹೆದರ್ ಹೂ ಬಿಟ್ಟು ಬೆಟ್ಟದ ಮೈ ನೇರಳೆಯಾಗಿರುತ್ತದೆ.

ಗ್ರಾಸಿಂಗ್ಟನ್ ಮೂರ್: ಸೀಸದ ನೆಲ

ಲೀಡ್ಸ್‌ನಿಂದ ರೈಲಿನಲ್ಲಿ ಸ್ಕಿಪ್ಟನ್, ಅಲ್ಲಿಂದ ಸುಮಾರು 15 ಕಿಲೋಮೀಟರ್ ಬಸ್ಸು. ಗ್ರಾಸಿಂಗ್ಟನ್ ಚೆಂದದ ಕಲ್ಲುಮನೆಗಳ ಊರು, ಪ್ರವಾಸಿಗಳು ಅಲ್ಲಿಯೇ ಚಹಾ ಕುಡಿದು ಮರಳುತ್ತಾರೆ. ಊರ ಹಿಂದಿನ ರಸ್ತೆಯಲ್ಲಿ ಯಾರ್ನ್‌ಬರಿಯವರೆಗೆ ಏರಿದರೆ ಹಸಿರು ಹೊಲಗಳು ಮುಗಿದು, ಬೂದು ದಿಬ್ಬಗಳ ಬೇರೆಯೇ ಲೋಕ ತೆರೆದುಕೊಳ್ಳುತ್ತದೆ. ಯಾರ್ನ್‌ಬರಿಯಿಂದ ಗಣಿಯ ದಾರಿ ಹಿಡಿದು ಹಳೆಯ ಸೀಸದ ಕುಲುಮೆಯ ಚಿಮಣಿಯವರೆಗೆ ಹೋಗಿ, ಹೆಬ್ಡೆನ್ ಕಣಿವೆಯಲ್ಲಿ ಇಳಿದು, ವಾರ್ಫ್ ನದಿಯ ದಡದಲ್ಲಿ ಗ್ರಾಸಿಂಗ್ಟನ್‌ಗೆ ಮರಳುವುದು ನನ್ನ ಸುತ್ತು. ನಿಂತು ನೋಡುತ್ತಾ ನಡೆದರೆ ಐದು ಗಂಟೆ. ಏರು ಎಲ್ಲಿಯೂ ಕಠಿಣವಲ್ಲ.

ಇಲ್ಲಿನ ಸೀಸದ ಗಣಿಗಳು ಡೆವನ್‌ಶೈರ್ ಡ್ಯೂಕ್‌ನ ಒಡೆತನದಲ್ಲಿದ್ದವು. 1818ರಲ್ಲಿ ಆತ ತನ್ನ ಗಣಿಗಳ ಉಸ್ತುವಾರಿಗೆ ಜಾನ್ ಟೇಲರ್ ಎಂಬ ಎಂಜಿನಿಯರನನ್ನು ನೇಮಿಸಿಕೊಂಡ. ಟೇಲರ್ ಕಾಲದಲ್ಲಿ ಈ ಬೋಳು ಬಯಲು ಒಂದು ಯಂತ್ರವಾಯಿತು. ಕೆರೆ ಕಟ್ಟಿ, ಕಾಲುವೆ ತೋಡಿ, ಆ ನೀರಿನಿಂದ ಗಾಲಿ ತಿರುಗಿಸಿ ಅದಿರನ್ನು ಮೇಲೆತ್ತಿದರು, ಕುಟ್ಟಿದರು, ತೊಳೆದರು. ಗಣಿಯ ಒಳನೀರು ಹರಿದುಹೋಗಲೆಂದು ಹೆಬ್ಡೆನ್ ಕಣಿವೆಯಿಂದ 1796ರಲ್ಲೇ ಕೊರೆಯಲು ಹಿಡಿದಿದ್ದ ಸುರಂಗ ಮುಗಿಯಲು ಹತ್ತಾರು ವರ್ಷ ಬೇಕಾದವು. ಅದರ ಬಾಯಿಯನ್ನು ಇಳಿಯುವಾಗ ನೋಡುತ್ತೀರಿ.

ನೋಡಲೇಬೇಕಾದದ್ದು ಹೊಗೆಯ ಸುರಂಗ. ಅದಿರು ಕರಗಿಸುವ ಕುಲುಮೆಯಿಂದ ಹೊರಟ ಹೊಗೆಯನ್ನು ನೇರ ಗಾಳಿಗೆ ಬಿಡದೆ, ಕಲ್ಲಿನ ಕಮಾನು ಕಟ್ಟಿದ ನಾಳದೊಳಗೆ ಬೆಟ್ಟದ ಇಳಿಜಾರಿನುದ್ದಕ್ಕೂ ಹಾಯಿಸಿ, ತುದಿಯಲ್ಲಿ ಚಿಮಣಿಗೆ ಸೇರಿಸಿದ್ದರು. ಕವಲುಗಳೆಲ್ಲ ಸೇರಿ ನಾಳದ ಉದ್ದ ಒಂದು ಮೈಲಿ ಮೀರುತ್ತದೆ. ಹೊಗೆ ತಣಿಯುತ್ತಾ ಹೋದಂತೆ ಅದರಲ್ಲಿದ್ದ ಸೀಸ ಗೋಡೆಗೆ ಹತ್ತಿಕೊಳ್ಳುತ್ತಿತ್ತು. ಆಗಾಗ ಕೆಲಸಗಾರರು ಒಳಗೆ ಇಳಿದು ಅದನ್ನು ಕೆರೆದು ತೆಗೆಯುತ್ತಿದ್ದರು. ನಾಳದ ಮೇಲ್ಕಟ್ಟು ಕುಸಿದ ಕಡೆ ಬಗ್ಗಿ ಒಳಗೆ ನೋಡಿ. ಒಬ್ಬ ಮನುಷ್ಯ ನಡು ಬಗ್ಗಿಸಿ ನಿಲ್ಲುವಷ್ಟು ಎತ್ತರ, ಮಸಿ ಮೆತ್ತಿದ ಕಲ್ಲು. ಆ ವಿಷದ ಪುಡಿಯನ್ನು ಉಸಿರಾಡುತ್ತಾ ಇಲ್ಲಿ ಕೂಲಿ ಮಾಡಿದವರ ಎದೆಯ ಗತಿ ಏನಾಗಿತ್ತೆಂದು ಕೇಳಿಕೊಳ್ಳದೆ ಮುಂದೆ ಹೋಗುವುದು ನನ್ನಿಂದ ಆಗಿಲ್ಲ.

ಹೊರದೇಶದ ಅಗ್ಗದ ಸೀಸ ಬಂದು ಬೆಲೆ ಕುಸಿದಾಗ, 1880ರ ಆಸುಪಾಸಿನಲ್ಲಿ ಇಲ್ಲಿನ ಕೆಲಸ ನಿಂತಿತು. ಅದೇ 1880ರಲ್ಲಿ, ಜಾನ್ ಟೇಲರ್ ಸ್ಥಾಪಿಸಿದ್ದ ‘ಜಾನ್ ಟೇಲರ್ ಅಂಡ್ ಸನ್ಸ್’ ಸಂಸ್ಥೆ ಕೋಲಾರದ ಚಿನ್ನದ ಗಣಿಯ ಆಡಳಿತ ಹಿಡಿಯಿತು. ಇದು ಗೊತ್ತಾದ ಮೇಲೆ, ಕೆ.ಜಿ.ಎಫ್‌ನಲ್ಲಿ ದುಡಿದು 2001ರಲ್ಲಿ ಗಣಿ ಮುಚ್ಚಿದಾಗ ಮನೆಗೆ ಬಂದಿದ್ದ ನನ್ನ ಸೋದರಮಾವನನ್ನು ಇಲ್ಲಿಗೆ ಕರೆತಂದೆ. ಆ ದಿನ ಮೋಡ ನೆಲಕ್ಕೇ ಇಳಿದಿತ್ತು. ಚಿಮಣಿ ಹತ್ತಿರ ಹೋಗುವವರೆಗೂ ಕಾಣಲಿಲ್ಲ. ಮಾವ ಅದರ ಬಗ್ಗೆ ಚಿಂತಿಸಲೇ ಇಲ್ಲ. ದಿಬ್ಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮುಷ್ಟಿಗಾತ್ರದ ಒಂದು ಕಲ್ಲನ್ನು ಎತ್ತಿ, ಅಂಗೈಯಲ್ಲಿ ಎರಡು ಸಲ ಕುಣಿಸಿ ತೂಗಿದರು.

“ಇದರಲ್ಲಿ ಇನ್ನೂ ಸರಕಿದೆ. ಸರಿಯಾಗಿ ಕುಟ್ಟಿಲ್ಲ.”

“ಮಾವ, ಅದು ಸೀಸ. ಆಮೇಲೆ ಕೈ ತೊಳೆದುಕೊಳ್ಳಿ.”

ಕಲ್ಲನ್ನು ತಿರುಗಿಸಿ ತೋರಿಸಿದರು. ಒಡೆದ ಮುಖದಲ್ಲಿ ಗೆಲೀನ ಎಂಬ ಅದಿರಿನ ಚೌಕಗಳು, ಸಣ್ಣ ಕನ್ನಡಿಗಳ ಹಾಗೆ. ಮತ್ತೆ ಅದೇ ಜಾಗದಲ್ಲಿ, ಅದೇ ಮುಖ ಮೇಲಾಗಿ ಇಟ್ಟರು. ಇಲ್ಲಿನ ಯಾವುದನ್ನೂ ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ. ಇದು ಕಾನೂನು ಕಾಪಾಡುವ ಸ್ಮಾರಕ.

ಮೋಡ ಇಳಿದರೆ ಏನು ಉಳಿಯುತ್ತದೆ ಎಂಬುದಕ್ಕೆ ಇದೇ ನನ್ನ ಉತ್ತರ. ಗ್ರಾಸಿಂಗ್ಟನ್‌ನಲ್ಲಿ ನೋಡಬೇಕಾದದ್ದೆಲ್ಲ ಹತ್ತು ಹೆಜ್ಜೆಯೊಳಗಿದೆ. ಗಣಿಯ ಗಾಡಿದಾರಿಗಳು ಅಗಲವಾಗಿದ್ದು ಕಾಲಿಗೆ ತಪ್ಪುವುದಿಲ್ಲ. ಸೀಸ ತುಂಬಿದ ದಿಬ್ಬಗಳಲ್ಲಿ ಬೇರೆ ಗಿಡ ಏಳದಿದ್ದರೂ, ಆ ವಿಷವನ್ನೇ ತಾಳಿಕೊಂಡು ಬೆಳೆಯುವ ಸ್ಪ್ರಿಂಗ್ ಸ್ಯಾಂಡ್‌ವರ್ಟ್ ಎಂಬ ಪುಟ್ಟ ಬಿಳಿ ಹೂವು ಬೇಸಿಗೆಯ ಆರಂಭದಲ್ಲಿ ಅರಳಿರುತ್ತದೆ. ಅದನ್ನು ನೋಡಲು ಹೇಗಿದ್ದರೂ ಬಗ್ಗಲೇಬೇಕು, ಮೋಡ ಇದ್ದರೇನು ಇಲ್ಲದಿದ್ದರೇನು.

ಎಚ್ಚರಿಕೆಯೂ ಇದೆ. ಬಯಲಿನ ತುಂಬ ಹಳೆಯ ಶಾಫ್ಟ್‌ಗಳು, ಅಂದರೆ ಗಣಿಗೆ ನೇರ ಇಳಿಯುವ ಬಾವಿಯಂಥ ಗುಂಡಿಗಳು. ಕೆಲವಕ್ಕೆ ಮುಚ್ಚಳವಿದೆ, ಕೆಲವನ್ನು ಬರೀ ಹಲಗೆ ಹಾಸಿ ಮಣ್ಣು ಮುಚ್ಚಿ ಬಿಟ್ಟದ್ದೂ ಇರುತ್ತದೆ. ಬಟ್ಟಲಿನಂತೆ ತಗ್ಗಾದ ನೆಲದೊಳಗೆ ಇಳಿಯಬಾರದು, ಸುರಂಗದ ಬಾಯಿಯೊಳಗೆ ಹೋಗಬಾರದು. ಚಿಕ್ಕ ಮಕ್ಕಳ ಕೈ ಬಿಡಬೇಡಿ. ಬುತ್ತಿ ಬಿಚ್ಚುವ ಮೊದಲು ಎಲ್ಲರೂ ಕೈ ತೊಳೆಯಲಿ. ಕೊನೆಯಲ್ಲಿ ಹೆಬ್ಡೆನ್ ಬಳಿ ವಾರ್ಫ್ ನದಿಗೆ ಅಡ್ಡಲಾಗಿ 1885ರಲ್ಲಿ ಊರಿನ ಕಮ್ಮಾರ ಹಳೆಯ ಉಕ್ಕಿನ ಹಗ್ಗಗಳನ್ನು ಬಳಸಿ ಕಟ್ಟಿದ ತೂಗುಸೇತುವೆ ಸಿಗುತ್ತದೆ. ಮಕ್ಕಳಿಗೆ ಇಡೀ ದಿನದಲ್ಲಿ ನೆನಪುಳಿಯುವುದು ಅದೇ.

ಯಾರ ಜೊತೆ, ಯಾವಾಗ

ಎಪ್ಪತ್ತರ ಆಸುಪಾಸಿನ ಹಿರಿಯರು ಜೊತೆಗಿದ್ದರೆ ಗ್ರಾಸಿಂಗ್ಟನ್, ಅಥವಾ ಲಡೌ ದಡದವರೆಗೆ ಗಣಿಗಾರರ ದಾರಿ. ಹದಿನೈದು ದಾಟಿದ, ಎತ್ತರ ಎತ್ತರ ಎಂದು ಹಾತೊರೆಯುವ ಮಕ್ಕಳಿದ್ದರೆ ಅರ್ ವಿದ್ವಾ ಬಿಟ್ಟು ಬೇರೆಯದಕ್ಕೆ ಅವರು ಒಪ್ಪುವುದಿಲ್ಲ, ಒಪ್ಪಿಸಬೇಕಾಗಿಯೂ ಇಲ್ಲ. ಒಬ್ಬರೇ ನಡೆಯಬೇಕು, ಯಾರ ಮಾತೂ ಬೇಡ ಎನಿಸಿದ ವಾರಕ್ಕೆ ಕಿಂಡರ್. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುವುದರಿಂದ ಗ್ರಾಸಿಂಗ್ಟನ್ ಒಂದನ್ನೇ ಸೂಚಿಸುತ್ತೇನೆ, ಅದೂ ತಲೆಗೆ ಕಟ್ಟುವ ದೀಪದೊಂದಿಗೆ. ಪರ್ವತ, ತಾಮ್ರದ ಗಣಿ, ಸ್ಲೇಟ್ ಕಲ್ಲಿನ ಗಣಿ ಎಲ್ಲವೂ ಒಂದೇ ಏರಿನಲ್ಲಿ ಸಿಗಬೇಕೆಂದರೆ ಲೇಕ್ ಡಿಸ್ಟ್ರಿಕ್ಟ್‌ನ ಕಾನಿಸ್ಟನ್ ಓಲ್ಡ್ ಮ್ಯಾನ್ ಇದೆ, ಸುಮಾರು 800 ಮೀಟರ್. ಆದರೆ ಅಲ್ಲಿಗೆ ಈಗ ರೈಲಿಲ್ಲ.

ಮೂರಕ್ಕೂ ಸಲ್ಲುವ ಸಾಮಾನು: ನೀರಿಳಿಯದ ಮೇಲಂಗಿ ಮತ್ತು ಷರಾಯಿ, ಬಿಗಿಯಾದ ಬೂಟು, ಉಣ್ಣೆಯ ಟೋಪಿ, ಸೀಟಿ. ಜೀನ್ಸ್ ಬೇಡ, ನೆನೆದರೆ ಕಾಲಿಗೆ ಮಂಜಿನ ಪಟ್ಟಿ ಕಟ್ಟಿದ ಹಾಗೆ. ಬುತ್ತಿಗೆ ಚಿತ್ರಾನ್ನ ಕಟ್ಟುವವರಿಗೆ ಒಂದು ಮಾತು: ಚಳಿಗೆ ಅನ್ನ ಗಟ್ಟಿಯಾಗುತ್ತದೆ, ಕೈಗವಸು ತೆಗೆಯಬೇಕಾಗುತ್ತದೆ. ಚಟ್ನಿಪುಡಿ ತುಪ್ಪ ಸವರಿ ಸುತ್ತಿದ ಚಪಾತಿ ನಡೆಯುತ್ತಲೇ ತಿನ್ನಬಹುದು. ಅಪಾಯ ಬಂದರೆ 999ಕ್ಕೆ ಕರೆ ಮಾಡಿ ಪೊಲೀಸರನ್ನು, ಅವರ ಮೂಲಕ ಮೌಂಟನ್ ರೆಸ್ಕ್ಯೂ ತಂಡವನ್ನು ಕೇಳಬೇಕು. ಬರುವವರು ಸ್ವಯಂಸೇವಕರು, ಹಣ ಕೇಳುವುದಿಲ್ಲ.

ಮೌಂಟನ್ ವೆದರ್ ಇನ್ಫರ್ಮೇಶನ್ ಸರ್ವಿಸ್ ಎಂಬ ಸಂಸ್ಥೆ ಬೆಟ್ಟಸೀಮೆಗಳಿಗೆಂದೇ ದಿನವೂ ಉಚಿತವಾಗಿ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಶಿಖರಗಳು ಮೋಡದಿಂದ ಹೊರಗಿರುವ ಸಾಧ್ಯತೆ ಶೇಕಡ ಎಷ್ಟು ಎಂಬ ಸಾಲೊಂದಿರುತ್ತದೆ. ಹೊರಡುವ ಹಿಂದಿನ ಸಂಜೆ ಅದನ್ನು ನೋಡಿ. 70 ದಾಟಿದ್ದರೆ ಅರ್ ವಿದ್ವಾ. 40ರಿಂದ 70ರ ನಡುವೆ ಇದ್ದು ನಕ್ಷೆ ಓದಲು ಬಂದರೆ ಕಿಂಡರ್. ಅದಕ್ಕೂ ಕೆಳಗೆ ಇಳಿದಿದ್ದರೆ ಸ್ಕಿಪ್ಟನ್‌ನಿಂದ ಗ್ರಾಸಿಂಗ್ಟನ್‌ಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದು ನೋಡಿಕೊಳ್ಳಿ. ಭಾನುವಾರ ಬಸ್ಸುಗಳು ಕಡಿಮೆ.